ಎಲೆ ಕಾಳಗದ ಮೂರು ದಶಕ

1993ರ ಆಗಸ್ಟ್ ತಿಂಗಳು. ಅಮೆರಿಕದ ಮಿಲ್ವಾಕಿ ನಗರದಲ್ಲಿ ಆಟಪ್ರಿಯರ ವಾರ್ಷಿಕ ಮೇಳ ‘ಜೆನ್ ಕಾನ್’ ನಡೆದಿತ್ತು. ಸಿಯಾಟಲ್ ಕಡೆಯ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಣ್ಣ ಕಂಪನಿಯೊಂದು ಅಲ್ಲಿ ಇಸ್ಪೀಟು ಎಲೆಯ ಅಳತೆಯ ಬಣ್ಣಬಣ್ಣದ ಕಾರ್ಡುಗಳನ್ನು ಮಾರಾಟಕ್ಕಿಟ್ಟಿತ್ತು. ಕಾರ್ಡಿನ ಮೇಲರ್ಧದಲ್ಲಿ ಒಂದು ಚಿತ್ರ: ದೈತ್ಯನದೋ, ದೇವತೆಯದೋ, ಸಿಡಿಲಿನದೋ. ಕೆಳಗೆ ಒಂದೆರಡು ಸಾಲಿನ ಒಕ್ಕಣೆ: ಇದನ್ನು ಇಳಿಸಿದರೆ ಎದುರಾಳಿಗೆ ಏನಾಗುತ್ತದೆ. ಮೂಲೆಯಲ್ಲಿ, ಇಳಿಸಲು ತೆರಬೇಕಾದ ಬೆಲೆ. ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆ ಆಟದ ಮೊದಲ ಮುದ್ರಣದ 26 ಲಕ್ಷ ಕಾರ್ಡುಗಳು ನೋಡನೋಡುತ್ತಿದ್ದಂತೆ ಖಾಲಿಯಾದವು. ಬೆನ್ನಿಗೇ ಬಂದ 73 ಲಕ್ಷದ ಎರಡನೆಯ ಮುದ್ರಣವೂ ಉಳಿಯಲಿಲ್ಲ. ಇಂದು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಜನ ತಲೆ ತಗ್ಗಿಸಿ ಕೂತು ಆಡುವ ಕಾರ್ಡ್ ಕಾಳಗದ ಆಟಗಳ ಬೇರು ಹುಡುಕಿಕೊಂಡು ಹೋದರೆ ಕಡೆಗೆ ತಲುಪುವುದು ಆ ಮೇಳವನ್ನೇ.

ಆಟ ಕಟ್ಟಿದವನು ರಿಚರ್ಡ್ ಗಾರ್ಫೀಲ್ಡ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಸಂಶೋಧನೆ ಮಾಡುತ್ತಿದ್ದ ಆತ 1991ರಲ್ಲಿ ‘ರೋಬೋರ‍್ಯಾಲಿ’ ಎಂಬ ಹಲಗೆಯಾಟ ಹಿಡಿದು ವಿಜರ್ಡ್ಸ್ ಕಂಪನಿಯ ಪೀಟರ್ ಆಡ್ಕಿಸನ್ ಬಳಿ ಹೋಗಿದ್ದ. ಅದನ್ನು ತಯಾರಿಸುವ ಖರ್ಚು ಆಡ್ಕಿಸನ್‌ಗೆ ಎಟುಕುವಂತಿರಲಿಲ್ಲ. ‘ಮೇಳಗಳಲ್ಲಿ ಎರಡು ಆಟಗಳ ನಡುವೆ ಸಿಗುವ ಬಿಡುವಿನಲ್ಲಿ ಆಡಿ ಮುಗಿಸುವಂಥದ್ದು, ಜೇಬಿನಲ್ಲಿ ಒಯ್ಯುವಂಥದ್ದು ಇದ್ದರೆ ಹೇಳು’ ಎಂಬುದು ಆತನ ಬೇಡಿಕೆಯಾಗಿತ್ತು. ಗಣಿತದವನ ತಲೆಯಲ್ಲಿ ಹೊಳೆದ ಉತ್ತರ ಕಾರ್ಡಾಟದ ಹಳೆಯ ಕಟ್ಟಳೆಯೊಂದನ್ನು ಮುರಿಯುವಂತಿತ್ತು.

ಅಲ್ಲಿಯವರೆಗೆ ಪ್ರಪಂಚದ ಯಾವ ಮೂಲೆಯ ಎಲೆಯಾಟವೇ ಆಗಲಿ, ಆಡುವವರೆಲ್ಲರ ನಡುವೆ ಇರುತ್ತಿದ್ದುದು ಸಾಮಾನ್ಯವಾಗಿ ಒಂದು ಕಟ್ಟು. ಯುರೋಪಿನ 52 ಎಲೆಯ ಇಸ್ಪೀಟು, ಜಪಾನಿನ 48 ಎಲೆಯ ಹನಾಫುದಾ, ನಮ್ಮ ಗಂಜೀಫಾ, ಎಲ್ಲವೂ ಹಾಗೆಯೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ‘ಛದ’ ಎಂಬ ಎಲೆಯಾಟಗಳಲ್ಲಿ ಚಾಮುಂಡೇಶ್ವರಿ ಛದಕ್ಕೆ 320 ಎಲೆಗಳು. ಅಷ್ಟು ದೊಡ್ಡದಾದರೂ ಅದೂ ನಡುವೆ ಇಟ್ಟು ಹಂಚಿಕೊಳ್ಳುವ ಕಟ್ಟೇ. ಗಾರ್ಫೀಲ್ಡ್ ಹೇಳಿದ್ದು ಬೇರೆ: ಪ್ರತಿ ಆಟಗಾರನೂ ತನ್ನದೇ ಕಟ್ಟನ್ನು ಮನೆಯಿಂದ ತರಲಿ. 295 ಬಗೆಯ ಕಾರ್ಡುಗಳಲ್ಲಿ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಅವನದೇ. ಕಾಳಗದ ಅರ್ಧ ಭಾಗ ಎದುರಾಳಿಯ ಮುಖ ನೋಡುವ ಮೊದಲೇ, ಹಿಂದಿನ ರಾತ್ರಿ ಮನೆಯ ಮೇಜಿನ ಮೇಲೆ ನಡೆದುಹೋಗುತ್ತದೆ. ಈ ಪ್ರಕಾರದ ಆಟಗಳನ್ನು ಪ್ರೀತಿಸುವವರು ಪ್ರೀತಿಸುವುದು ಆ ಅರ್ಧವನ್ನೇ.

ಆದರೆ ಕಾರ್ಡು ಬರುವುದೆಲ್ಲಿಂದ? ಅಂಗಡಿಯಿಂದ. ಶುರುವಿಗೆ 60 ಕಾರ್ಡಿನ ಕಟ್ಟು, ಆಮೇಲೆ 15 ಕಾರ್ಡಿನ ಮುಚ್ಚಿದ ಪೊಟ್ಟಣಗಳು. ಒಳಗೇನಿದೆಯೆಂದು ಬಿಡಿಸುವ ತನಕ ತಿಳಿಯದು. ಕೆಲವು ಹೇರಳ, ಕೆಲವು ವಿರಳ. ಮೊದಲ ಮುದ್ರಣದಲ್ಲಿ ಅತಿ ವಿರಳ ಕಾರ್ಡುಗಳು ತಲಾ 1,100 ಪ್ರತಿಗಳಷ್ಟೇ ಅಚ್ಚಾಗಿದ್ದವು. ಜನ ಒಂದಷ್ಟು ಪೊಟ್ಟಣ ಕೊಂಡು ಸುಮ್ಮನಾಗುತ್ತಾರೆ, ಹೀಗಾಗಿ ಬಲಶಾಲಿ ಕಾರ್ಡು ಒಂದೊಂದು ಗೆಳೆಯರ ಗುಂಪಿನಲ್ಲಿ ಒಂದೋ ಎರಡೋ ಇರುತ್ತದೆ ಎಂದು ಗಾರ್ಫೀಲ್ಡ್ ಎಣಿಸಿದ್ದ. ಜನ ಸುಮ್ಮನಾಗಲಿಲ್ಲ. ಡಬ್ಬಗಟ್ಟಲೆ ಕೊಂಡರು, ವಿರಳ ಕಾರ್ಡುಗಳಿಗೆ ಬೇರೆಯೇ ಸಂತೆ ಹುಟ್ಟಿತು. ಆ ಮುದ್ರಣದ ‘ಬ್ಲ್ಯಾಕ್ ಲೋಟಸ್’ ಎಂಬ ಕಾರ್ಡಿನ ಒಂದು ಪ್ರತಿ, ಚಿತ್ರ ಬರೆದ ಕ್ರಿಸ್ಟೋಫರ್ ರಶ್ ಸಹಿಯೊಂದಿಗೆ, 2021ರ ಜನವರಿಯ ಹರಾಜಿನಲ್ಲಿ 5,11,100 ಡಾಲರಿಗೆ ಹೋಯಿತು. ಆರಂಭದ ನಿಯಮಗಳಲ್ಲಿ ಪಣದ ಪದ್ಧತಿಯೂ ಇತ್ತು. ಆಟಕ್ಕೆ ಮುನ್ನ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡು ತೆಗೆದಿಡಬೇಕು, ಗೆದ್ದವನಿಗೆ ಎರಡೂ. ಆಟಗಾರರಿಗೆ ಇದು ರುಚಿಸಲಿಲ್ಲ, ಜೂಜಿನ ವಾಸನೆಯೂ ಇತ್ತು. ಕಂಪನಿ ಅದನ್ನು ಕೈಬಿಟ್ಟಿತು.

ಕೈಬಿಟ್ಟ ಪಣ ಮರುಹುಟ್ಟು ಪಡೆದದ್ದು ಕಂಪ್ಯೂಟರಿನಲ್ಲಿ. ಮೈಕ್ರೋಪ್ರೋಸ್ ಕಂಪನಿ 1997ರಲ್ಲಿ ತಂದ ‘ಮ್ಯಾಜಿಕ್’ ವಿಡಿಯೋ ಗೇಮ್‌ನ ಹಿಂದೆ ‘ಸಿವಿಲೈಸೇಷನ್’ ಖ್ಯಾತಿಯ ಸಿಡ್ ಮಾಯರ್ ಕೈವಾಡವಿತ್ತು. ಆಟಗಾರ ಶಾಂಡಲಾರ್ ಎಂಬ ಲೋಕದಲ್ಲಿ ಊರಿಂದೂರಿಗೆ ಅಲೆಯುತ್ತಾನೆ. ದಾರಿಯಲ್ಲಿ ಎದುರಾಗುವ ಮಾಂತ್ರಿಕರ ಜೊತೆ ಪಣ ಕಟ್ಟಿ ಆಡುತ್ತಾನೆ. ಗೆದ್ದರೆ ಅವರ ಕಾರ್ಡು ಇವನಿಗೆ, ಸೋತರೆ ಇವನದು ಅವರಿಗೆ. ಕಾಗದದ ಮೇಲೆ ಕಹಿಯಾಗಿದ್ದ ನಿಯಮ ಇಲ್ಲಿ ಆಟದ ಜೀವವಾಯಿತು, ಏಕೆಂದರೆ ಕಳೆದುಕೊಂಡದ್ದನ್ನು ದುಡ್ಡು ಕೊಟ್ಟು ತರಬೇಕಿರಲಿಲ್ಲ, ಇನ್ನೊಬ್ಬನೊಡನೆ ಆಡಿ ಗೆದ್ದು ತರಬೇಕಿತ್ತು.

ಜಪಾನಿನಲ್ಲೂ ಹೆಚ್ಚುಕಡಿಮೆ ಆ ಹೊತ್ತಿಗೇ ಇದೇ ದಾರಿ ತೆರೆಯಿತು. ಅಲ್ಲಿನ ನಿಂಟೆಂಡೊ ಹುಟ್ಟಿದ್ದೇ ಎಲೆಯ ಕಾರ್ಖಾನೆಯಾಗಿ. 1889ರಲ್ಲಿ ಫುಸಾಜಿರೊ ಯಮಾವುಚಿ ಕ್ಯೋಟೊ ನಗರದಲ್ಲಿ ಹನಾಫುದಾ ತಯಾರಿಸಲು ತೆರೆದ ಅಂಗಡಿ ಅದು. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಹೂಗಿಡ, ಒಂದೊಂದಕ್ಕೂ ನಾಲ್ಕು ಎಲೆ. ನೂರು ವರ್ಷ ದಾಟಿದ ಮೇಲೆ, 1996ರ ಅಕ್ಟೋಬರಿನಲ್ಲಿ, ಪೊಕೆಮಾನ್ ಕಾರ್ಡಾಟ ಜಪಾನಿನ ಅಂಗಡಿಗಳಿಗೆ ಬಂತು. 1998ರ ಡಿಸೆಂಬರಿನಲ್ಲಿ ಅದೇ ಆಟ ನಿಂಟೆಂಡೊದ ಅಂಗೈಯಗಲದ ಗೇಮ್ ಬಾಯ್ ಯಂತ್ರದೊಳಗೆ ಸೇರಿಕೊಂಡಿತು. ಅದರಲ್ಲಿ ಹುಡುಗನೊಬ್ಬ ಡಾಕ್ಟರ್ ಮೇಸನ್ ಎಂಬವರಿಂದ ಮೊದಲ ಕಟ್ಟು ಪಡೆದು ಹೊರಡುತ್ತಾನೆ. ಎಂಟು ಕ್ಲಬ್ಬುಗಳು, ಎಂಟು ಮಂದಿ ಗುರುಗಳು. ಬೆಂಕಿಯವರಿಗೆ ನೀರಿನ ಕಟ್ಟು ಒಯ್ಯಬೇಕು, ನೀರಿನವರಿಗೆ ಮಿಂಚಿನದು. ಪ್ರತಿ ಗೆಲುವಿಗೂ ಹೊಸ ಪೊಟ್ಟಣ ಸಿಗುತ್ತದೆ, ಪೊಟ್ಟಣ ಬಿಡಿಸುವ ಕುತೂಹಲವೂ ಇರುತ್ತದೆ, ಆದರೆ ಅಪ್ಪನ ಜೇಬಿಗೆ ಕೈ ಹಾಕುವ ಪ್ರಸಂಗವಿಲ್ಲ. ಕಾಗದದ ಕಾರ್ಡುಗಳಿಗಾಗಿ ಮಕ್ಕಳು ಶಾಲೆಯಂಗಳದಲ್ಲಿ ಕಾದಾಡುತ್ತಿದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಉಪಕಾರವೆಂದು ಆಗ ಯಾರೂ ಗಮನಿಸಿದಂತಿಲ್ಲ.

ಆ ಸುಳಿವನ್ನು ಉದ್ಯಮ ಹಿಡಿಯಲಿಲ್ಲ. 2002ರಲ್ಲಿ ಬಂದ ‘ಮ್ಯಾಜಿಕ್ ಆನ್‌ಲೈನ್’ ಅಂಗಡಿಯ ಪೊಟ್ಟಣವನ್ನೇ ಅಂತರ್ಜಾಲಕ್ಕೆ ಏರಿಸಿತು, ಅದೂ ಕಾಗದದ ಬೆಲೆಗೇ. ಒಂದು ಸರಣಿಯ ಎಲ್ಲ ಕಾರ್ಡುಗಳನ್ನೂ ಕೂಡಿಸಿದವರು ಅವನ್ನು ಒಪ್ಪಿಸಿ ಅಷ್ಟೂ ಕಾಗದದ ಕಾರ್ಡು ಪಡೆಯಬಹುದೆಂಬ ಏರ್ಪಾಡು ಮಾತ್ರ ನ್ಯಾಯವಾಗಿತ್ತು. ಕೊಂಡವನಿಗೆ ಕೈಯಲ್ಲಿ ಹಿಡಿಯಲು ಏನೋ ಇದೆ ಎಂಬ ಭರವಸೆ ಅದು.

ಕಾರ್ಡ್ ಕಾಳಗವನ್ನು ಮನೆಮಾತು ಮಾಡಿದ್ದು ಬ್ಲಿಜರ್ಡ್ ಕಂಪನಿಯ ‘ಹಾರ್ತ್‌ಸ್ಟೋನ್’. ಎರಿಕ್ ಡಾಡ್ಸ್, ಬೆನ್ ಬ್ರೋಡ್ ಮತ್ತಿತರರ ಪುಟ್ಟ ತಂಡವೊಂದು ಇದಕ್ಕೆಂದೇ ಕೂಡಿತ್ತು. ನಡುವೆ ‘ಸ್ಟಾರ್‌ಕ್ರಾಫ್ಟ್ 2’ ಮುಗಿಸುವ ತುರ್ತು ಬಂದು ಉಳಿದವರನ್ನು ಆ ಕೆಲಸಕ್ಕೆ ಎಳೆದುಕೊಂಡರು. ಇವರಿಬ್ಬರೇ ಉಳಿದು ಕಾಗದದ ಚೂರುಗಳ ಮೇಲೆ ಗೀಚುತ್ತ, ಆಡುತ್ತ, ಹರಿದು ಮತ್ತೆ ಗೀಚುತ್ತ ಆಟವನ್ನು ತಿದ್ದಿದರು. 2014ರ ಮಾರ್ಚ್ 11ಕ್ಕೆ ಅದು ಬಿಡುಗಡೆಯಾಯಿತು. ‘ಮ್ಯಾಜಿಕ್’ನಲ್ಲಿ ಕಾರ್ಡು ಇಳಿಸುವ ಶಕ್ತಿಗೆ ‘ನೆಲ’ದ ಕಾರ್ಡುಗಳೇ ಬೇರೆ, ಅವು ಬರದಿದ್ದರೆ ಎಂಥ ಜಾಣನೂ ಕೈಕಟ್ಟಿ ಕೂರಬೇಕು. ‘ಹಾರ್ತ್‌ಸ್ಟೋನ್’ ಆ ತಾಪತ್ರಯವನ್ನೇ ಕಿತ್ತುಹಾಕಿತು. ಪ್ರತಿ ಸರದಿಗೂ ಶಕ್ತಿ ತಾನಾಗಿ ಒಂದೊಂದು ಏರುತ್ತದೆ, ಹತ್ತರವರೆಗೆ. ಕಟ್ಟಿಗೆ 30 ಕಾರ್ಡು, ಆಟಗಾರನಿಗೆ 30 ಜೀವ. ಎದುರಾಳಿಯ ಸರದಿಯಲ್ಲಿ ನಡುವೆ ಬಾಯಿ ಹಾಕುವಂತಿಲ್ಲ. ಹೀಗಾಗಿ ಬಸ್ಸಿಗೆ ಕಾಯುವಾಗಲೂ ಫೋನಿನಲ್ಲಿ ಒಂದು ಕಾಳಗ ಮುಗಿಯುತ್ತದೆ. 2018ರ ಹೊತ್ತಿಗೆ ಆಡಿದವರ ಸಂಖ್ಯೆ 10 ಕೋಟಿ ದಾಟಿತ್ತು.

ಆಟ ಉಚಿತ, ಪೊಟ್ಟಣ ಉಚಿತವಲ್ಲ. ಬೇಡದ ಕಾರ್ಡನ್ನು ಪುಡಿ ಮಾಡಿ, ಆ ಪುಡಿಯಿಂದ ಬೇಕಾದ ಕಾರ್ಡು ಕಟ್ಟಿಕೊಳ್ಳುವ ಸೌಲಭ್ಯವೇನೋ ಇದೆ. ಆದರೆ ಉನ್ನತ ದರ್ಜೆಯ ಒಂದು ಕಾರ್ಡು ಕಟ್ಟಲು 1,600 ಅಳತೆ ಪುಡಿ ಬೇಕು, ಅಂಥದ್ದನ್ನೇ ಒಡೆದರೆ ಸಿಗುವುದು 400. ನಾಲ್ಕು ಕೊಟ್ಟು ಒಂದು ಪಡೆಯುವ ಈ ಲೆಕ್ಕಾಚಾರದಲ್ಲಿ ಆಟಗಾರನ ತಾಳ್ಮೆ ಸೋರಿಹೋಗುತ್ತದೆ, ಕಡೆಗೆ ದುಡ್ಡೂ.

ಭಾರತಕ್ಕೆ ಈ ಆಟ ಒಂದು ಹೆಮ್ಮೆ ತಂದಿದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿ ಸೇರಿತ್ತು. ಗುಜರಾತಿನ ತೀರ್ಥ್ ಮೆಹ್ತಾ ‘ಹಾರ್ತ್‌ಸ್ಟೋನ್’ನಲ್ಲಿ ಕಂಚು ಗೆದ್ದರು. ಪ್ರದರ್ಶನ ಸ್ಪರ್ಧೆಯಾದ್ದರಿಂದ ಅದು ಪದಕಪಟ್ಟಿಗೆ ಸೇರಲಿಲ್ಲ. ಮುಂದಿನ ಹಾಂಗ್‌ಝೌ ಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ ಪೂರ್ಣ ಪದಕದ ಮಾನ್ಯತೆ ಸಿಕ್ಕಿತು, ಆದರೆ ಅಷ್ಟರಲ್ಲಿ ‘ಹಾರ್ತ್‌ಸ್ಟೋನ್’ ಪಟ್ಟಿಯಿಂದಲೇ ಮಾಯವಾಗಿತ್ತು. ಚೀನಾದಲ್ಲಿ ಬ್ಲಿಜರ್ಡ್ ಆಟಗಳನ್ನು ನಡೆಸುತ್ತಿದ್ದ ನೆಟ್‌ಈಸ್ ಕಂಪನಿಯೊಂದಿಗಿನ ಒಪ್ಪಂದ ಮುಗಿದು, 2023ರ ಜನವರಿಯಲ್ಲಿ ಅಲ್ಲಿನ ಸರ್ವರುಗಳು ನಿಂತುಹೋದವು. ವರ್ಷಗಟ್ಟಲೆ ಕೂಡಿಸಿದ ಕಾರ್ಡುಗಳ ಮುಂದೆ ಬಾಗಿಲು ಬಿತ್ತು. ಆಟ ಚೀನಾಕ್ಕೆ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. 1993ರ ಕಾಗದದ ಕಾರ್ಡು ಇಂದಿಗೂ ಕಪಾಟಿನಲ್ಲಿ ಇಟ್ಟವನದೇ. ಸರ್ವರಿನ ಕಾರ್ಡು ಎಷ್ಟು ದುಡ್ಡು ಸುರಿದರೂ ಸುರಿದವನದಾಗುವುದಿಲ್ಲ.

ಮಾರುಕಟ್ಟೆಯ ದಾರಿ ಎಲ್ಲಿಗೆ ಮುಟ್ಟುತ್ತದೆಂದು ತೋರಿಸಿದ್ದು ‘ಆರ್ಟಿಫ್ಯಾಕ್ಟ್’. ವಾಲ್ವ್ ಕಂಪನಿಯ ಈ ಆಟವನ್ನು ರೂಪಿಸಲು ಬಂದವನು ಸ್ವತಃ ಗಾರ್ಫೀಲ್ಡ್. 2018ರ ನವೆಂಬರ್ 28ರಂದು ಬಿಡುಗಡೆಯಾದಾಗ ಬೆಲೆ 20 ಡಾಲರ್. ಅಷ್ಟು ಕೊಟ್ಟು ಒಳಗೆ ಬಂದವನು ಹೆಚ್ಚಿನ ಕಾರ್ಡಿಗೆ ಮತ್ತೆ ಪೊಟ್ಟಣ ಕೊಳ್ಳಬೇಕು, ಇಲ್ಲವೇ ಸಂತೆಯಲ್ಲಿ ಇತರರಿಂದ ಬಿಡಿಬಿಡಿಯಾಗಿ ಖರೀದಿಸಬೇಕು. ಮೊದಲ ದಿನ ಏಕಕಾಲಕ್ಕೆ 60 ಸಾವಿರ ಮಂದಿ ಆಡಿದರು. ಕೆಲವೇ ತಿಂಗಳಲ್ಲಿ ಆ ಸಂಖ್ಯೆ ನೂರುಗಳಿಗೆ ಇಳಿಯಿತು. 2021ರ ಮಾರ್ಚ್‌ನಲ್ಲಿ ವಾಲ್ವ್ ಕೆಲಸ ನಿಲ್ಲಿಸಿ ಆಟವನ್ನು ಉಚಿತವಾಗಿ ಬಿಟ್ಟುಕೊಟ್ಟಿತು. ಆಟದ ಒಳಗಣ ಕಟ್ಟಡ ಗಟ್ಟಿಯಾಗಿತ್ತು, ಮೂರು ಕಣಗಳಲ್ಲಿ ಒಟ್ಟಿಗೆ ನಡೆಯುವ ಕಾಳಗದಲ್ಲಿ ಯೋಚನೆಗೆ ಬೇಕಾದಷ್ಟು ಅವಕಾಶವಿತ್ತು. ಆಡುವ ಮುನ್ನವೇ ದುಡ್ಡಿನ ಲೆಕ್ಕ ಹಾಕಿಸಿದ್ದರಿಂದ ಅದು ನೆಲಕಚ್ಚಿತು.

ಇನ್ನೊಂದು ದಾರಿ ಅಷ್ಟರಲ್ಲಾಗಲೇ ತೆರೆದಿತ್ತು. 2008ರಲ್ಲಿ ಡೊನಾಲ್ಡ್ ಎಕ್ಸ್. ವಕ್ಕಾರಿನೊ ರೂಪಿಸಿದ ‘ಡಾಮಿನಿಯನ್’ ಎಂಬ ಮೇಜಿನಾಟದಲ್ಲಿ ಎಲ್ಲರೂ ಹೊರಡುವುದು ಒಂದೇ ಬಗೆಯ ಹತ್ತು ಕಾರ್ಡುಗಳಿಂದ: ಏಳು ತಾಮ್ರದ ನಾಣ್ಯ, ಮೂರು ಜಮೀನು. ಉಳಿದದ್ದನ್ನು ಆಡುತ್ತ ಆಡುತ್ತಲೇ ಗಳಿಸಬೇಕು. ಕಟ್ಟು ಕಟ್ಟುವುದು ಆಟದ ಹಿಂದಿನ ರಾತ್ರಿಯ ಕೆಲಸವಾಗಿ ಉಳಿಯಲಿಲ್ಲ, ಅದೇ ಆಟವಾಯಿತು. ಮಾರನೆಯ ವರ್ಷ ಜರ್ಮನಿಯ ಪ್ರತಿಷ್ಠಿತ ‘ಸ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿ ಅದಕ್ಕೆ ಬಂತು. 2014ರಲ್ಲಿ ಪೀಟರ್ ವೇಲನ್ ಬಹುಪಾಲು ಒಬ್ಬನೇ ಕೂತು ‘ಡ್ರೀಮ್ ಕ್ವೆಸ್ಟ್’ ಎಂಬ ವಿಡಿಯೋ ಗೇಮ್ ಮಾಡಿದ. ಚಿತ್ರಗಳು ಶಾಲೆ ಹುಡುಗ ನೋಟ್‌ಬುಕ್ಕಿನ ಅಂಚಿನಲ್ಲಿ ಬಿಡಿಸಿದ ಕಡ್ಡಿಗೊಂಬೆಗಳಂತಿದ್ದರೂ, ನೆಲಮಾಳಿಗೆಯಲ್ಲಿ ಇಳಿಯುತ್ತ ಕಾರ್ಡು ಗೆಲ್ಲುತ್ತ ಸಾಗುವ ಆ ಆಟದ ಚಟ ಹತ್ತಿದವರು ಕಡಿಮೆಯೇನಲ್ಲ. ಆ ಆಟವೇ ಅವನನ್ನು ‘ಹಾರ್ತ್‌ಸ್ಟೋನ್’ ತಂಡಕ್ಕೆ ಕರೆದೊಯ್ದಿತು.

ಸಿಯಾಟಲ್ ಸೀಮೆಯವರೇ ಆದ ಆಂಥನಿ ಜೊವನೆಟ್ಟಿ, ಕೇಸಿ ಯಾನೊ ಎಂಬ ಇಬ್ಬರು ಗೆಳೆಯರು ಕಟ್ಟಿದ ‘ಸ್ಲೇ ದ ಸ್ಪೈರ್’ ಈ ದಾರಿಯನ್ನು ಹೆದ್ದಾರಿ ಮಾಡಿತು. 2017ರ ನವೆಂಬರಿನಲ್ಲಿ ಅರೆಬರೆ ರೂಪದಲ್ಲಿ ಮಾರಾಟಕ್ಕೆ ಬಂದಾಗ ಕೇಳುವವರೇ ಇರಲಿಲ್ಲ. ಕೆಲವು ವಾರಗಳ ಬಳಿಕ ಚೀನಾದ ವಿಡಿಯೋಗಾರನೊಬ್ಬ ಅದನ್ನು ಆಡಿ ತೋರಿಸಿದ್ದೇ ಗಾಳಿ ತಿರುಗಿತು. 2018ರ ನಡುಭಾಗಕ್ಕೆ ಹತ್ತು ಲಕ್ಷ ಪ್ರತಿ ಹೋಗಿತ್ತು, ಪೂರ್ಣ ರೂಪ ಬಂದದ್ದು 2019ರ ಜನವರಿಯಲ್ಲಿ. ಯಾವ ಕಾರ್ಡನ್ನು ಆಟಗಾರರು ಆರಿಸುತ್ತಾರೆ, ಯಾವುದರಿಂದ ಗೆಲ್ಲುತ್ತಾರೆ ಎಂಬ ವಿವರವನ್ನು ಇಬ್ಬರೂ ಆ ನಡುವಿನ ಕಾಲದಲ್ಲಿ ಕೂಡಿಹಾಕಿ, ಒಂದೊಂದು ಕಾರ್ಡನ್ನೂ ತೂಗಿ ತಿದ್ದಿದರು.

ಆ ತೂಕದ ಹದ ತಿಳಿಯಲು ಮೊದಲ ಮಹಡಿಯ ಒಂದು ಜಗಳ ಸಾಕು. ಆಟಗಾರ ‘ಐರನ್‌ಕ್ಲ್ಯಾಡ್’ ಎಂಬ ಯೋಧ, ಜೀವ 80. ಕೈಗೆ ಬಂದ ಕಟ್ಟಿನಲ್ಲಿ ಐದು ‘ಸ್ಟ್ರೈಕ್’, ನಾಲ್ಕು ‘ಡಿಫೆಂಡ್’, ಒಂದು ‘ಬ್ಯಾಶ್’. ಎದುರಿಗೆ ‘ಜಾ ವರ್ಮ್’ ಎಂಬ ದವಡೆಯ ಹುಳು, ಅದರ ಜೀವ 40ರಿಂದ 44. ಅದರ ನೆತ್ತಿಯ ಮೇಲೆ ಕತ್ತಿಯ ಗುರುತು, ಪಕ್ಕದಲ್ಲಿ 11 ಎಂಬ ಅಂಕಿ: ಈ ಸರದಿ ಮುಗಿದ ಕೂಡಲೇ ಅದು ಹನ್ನೊಂದು ಪೆಟ್ಟು ಕಚ್ಚುತ್ತದೆ. ಶತ್ರು ತನ್ನ ಮುಂದಿನ ನಡೆಯನ್ನು ಹೀಗೆ ಮೊದಲೇ ಸಾರಿಬಿಡುವುದು ಈ ಆಟದ ದೊಡ್ಡ ಕಾಣಿಕೆ. ಕೈಯಲ್ಲಿ ಐದು ಕಾರ್ಡು ಬಿದ್ದಿವೆ: ಎರಡು ಸ್ಟ್ರೈಕ್, ಎರಡು ಡಿಫೆಂಡ್, ಒಂದು ಬ್ಯಾಶ್. ಖರ್ಚು ಮಾಡಲು ಇರುವುದು ಮೂರೇ ಶಕ್ತಿ. ಹೊಸಬ ಎರಡು ಡಿಫೆಂಡ್ ಇಳಿಸಿ ಹತ್ತು ಪೆಟ್ಟು ತಡೆಯುತ್ತಾನೆ, ಉಳಿದ ಒಂದರಲ್ಲಿ ಸ್ಟ್ರೈಕ್ ಹಾಕಿ ಆರು ಪೆಟ್ಟು ಕೊಡುತ್ತಾನೆ. ಕಳೆದದ್ದು ಒಂದೇ ಜೀವ, ಜಾಣತನವೆಂದೇ ತೋರುತ್ತದೆ.

ಪಳಗಿದವನು ಬೇರೆ ಲೆಕ್ಕ ಹಾಕುತ್ತಾನೆ. ಎರಡು ಶಕ್ತಿಯ ಬ್ಯಾಶ್ ಎಂಟು ಪೆಟ್ಟು ಕೊಡುತ್ತದೆ, ಜೊತೆಗೆ ಶತ್ರುವನ್ನು ಎರಡು ಸರದಿ ಬಲಹೀನ ಮಾಡುತ್ತದೆ, ಆಗ ಬೀಳುವ ಪೆಟ್ಟೆಲ್ಲ ಒಂದೂವರೆ ಪಟ್ಟು. ಹಿಂದೆಯೇ ಒಂದು ಸ್ಟ್ರೈಕ್ ಹಾಕಿದರೆ ಆರು ಒಂಬತ್ತಾಗುತ್ತದೆ, ಒಟ್ಟು ಹದಿನೇಳು. ಹುಳು ಕಚ್ಚಿ ಹನ್ನೊಂದು ಜೀವ ಹೋಗುತ್ತದೆ, ಹೋಗಲಿ. ಹತ್ತು ಕಾರ್ಡಿನ ಕಟ್ಟಿನಲ್ಲಿ ಐದು ಬಂದಾಗಿದೆ, ಹಾಗಾದರೆ ಮುಂದೆ ಬರುವುದು ಮೂರು ಸ್ಟ್ರೈಕ್, ಎರಡು ಡಿಫೆಂಡ್. ಅದರಲ್ಲಿ ಸಂಶಯವೇ ಇಲ್ಲ. ಮೂರು ಸ್ಟ್ರೈಕ್, ತಲಾ ಒಂಬತ್ತರಂತೆ ಇಪ್ಪತ್ತೇಳು. ಹದಿನೇಳಕ್ಕೆ ಇಪ್ಪತ್ತೇಳು ಕೂಡಿದರೆ ನಲವತ್ತನಾಲ್ಕು. ಹುಳುವಿನ ಜೀವ ಎಷ್ಟೇ ಇರಲಿ, ಎರಡನೆಯ ಬಾರಿ ಕಚ್ಚುವ ಮೊದಲೇ ಅದು ಸತ್ತಿತು. ಜಗಳ ಮುಗಿದಾಗ ಈ ಯೋಧನಿಗೆ ಆರು ಜೀವ ಮರಳಿ ಬರುತ್ತದೆ, ಒಟ್ಟು ನಷ್ಟ ಐದು. ಡಿಫೆಂಡ್ ಹಿಡಿದು ಕೂತವನ ಹುಳು ಮಾತ್ರ ಇನ್ನೂ ಬದುಕಿದೆ, ಅಬ್ಬರಿಸಿ ಬಲ ಹೆಚ್ಚಿಸಿಕೊಳ್ಳುವ ಸಮಯವೂ ಅದಕ್ಕೆ ಸಿಕ್ಕಿದೆ. ಹತ್ತು ಕಾರ್ಡು, ಎರಡು ಸರದಿ, ಬಾಯಿಲೆಕ್ಕ. ಚಿಕ್ಕ ಜಗಳದಲ್ಲೇ ಇಷ್ಟು ಯೋಚನೆ ತುಂಬಿಟ್ಟ ಆಟಗಳು ಬಹಳ ಇಲ್ಲ.

ಗೆದ್ದ ಮೇಲೆ ಮೂರು ಕಾರ್ಡು ಮುಂದೆ ಬರುತ್ತವೆ, ಒಂದನ್ನು ತೆಗೆದುಕೊಳ್ಳಬಹುದು. ಒಂದೂ ಬೇಡವೆಂದು ಮುಂದೆ ಸಾಗಲೂಬಹುದು, ಮತ್ತು ಎಷ್ಟೋ ಸಲ ಅದೇ ಸರಿ, ಏಕೆಂದರೆ ಕಟ್ಟು ದಪ್ಪವಾದಷ್ಟೂ ಬೇಕಾದ ಕಾರ್ಡು ಬೇಕಾದಾಗ ಕೈಗೆ ಬರುವುದಿಲ್ಲ. ಆಟದೊಳಗಿನ ವ್ಯಾಪಾರಿಗೆ 75 ಚಿನ್ನದ ನಾಣ್ಯ ಕೊಟ್ಟರೆ ಕಟ್ಟಿನಿಂದ ಒಂದು ಕಾರ್ಡನ್ನು ಕಿತ್ತೊಗೆಯುತ್ತಾನೆ. ಹೊರಗಿನ ಸಂತೆಯಲ್ಲಿ ಜನ ಕಾರ್ಡು ಸೇರಿಸಲು ದುಡ್ಡು ಕೊಟ್ಟರೆ, ಇಲ್ಲಿ ಬಿಡಿಸಿಕೊಳ್ಳಲು ಕೊಡುತ್ತಾರೆ. ಸತ್ತರೆ ಗಳಿಸಿದ ಕಟ್ಟೆಲ್ಲ ಹೋಯಿತು, ಮತ್ತೆ ಹತ್ತರಿಂದ ಶುರು. ಸಾವಿರ ಗಂಟೆ ಆಡಿದವನೂ ನಿನ್ನೆ ಕೊಂಡವನೂ ಹಿಡಿದು ಹೊರಡುವುದು ಅವೇ ಹತ್ತು. ಇಬ್ಬರ ನಡುವೆ ಮುಖ್ಯ ವ್ಯತ್ಯಾಸ ತಲೆಯೊಳಗಿನದು.

ಎಲೆಯಾಟದಲ್ಲಿ ಅದೃಷ್ಟ ಎಷ್ಟು, ಜಾಣ್ಮೆ ಎಷ್ಟು ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳಿಗೂ ಹೊಸದಲ್ಲ. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂದು ತಿಳಿದಿರಬೇಕು, ಆದ್ದರಿಂದ ಅದು ಮುಖ್ಯವಾಗಿ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಸಂಬಂಧಪಟ್ಟ ಅಂಶಗಳನ್ನು 2022ರ ಫೆಬ್ರವರಿಯಲ್ಲಿ ರಾಜ್ಯದ ಹೈಕೋರ್ಟ್ ರದ್ದುಪಡಿಸಿದಾಗಲೂ ಚರ್ಚೆ ಸುತ್ತಿದ್ದು ಇದೇ ಭೇದವನ್ನು. ಬೆಲ್ಜಿಯಂ 2018ರಲ್ಲಿ ಬೊಟ್ಟು ಮಾಡಿದ್ದು ಇನ್ನೊಂದು ಕಡೆಗೆ. ಒಳಗೇನಿದೆಯೆಂದು ತಿಳಿಯದ, ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳು ಅಲ್ಲಿನ ಕಾನೂನಿನ ಪ್ರಕಾರ ಜೂಜು ಎಂದು ಆ ದೇಶದ ಜೂಜು ಆಯೋಗ ತೀರ್ಮಾನಿಸಿತು. ಕಾರ್ಡ್ ಕಾಳಗದ ಆಟಗಳ ಮಟ್ಟಿಗೆ ಈ ಎರಡನೆಯ ನೋಟ ಹೆಚ್ಚು ಉಪಯುಕ್ತ. ಕಾಳಗದಲ್ಲಿ ಜಾಣ್ಮೆ ಇದ್ದೇ ಇದೆ, ಪರೀಕ್ಷಿಸಬೇಕಾದದ್ದು ಕಾಳಗಕ್ಕೆ ಮುನ್ನ ತೆರೆಯುವ ಪೊಟ್ಟಣವನ್ನು.

‘ಸ್ಲೇ ದ ಸ್ಪೈರ್’ ತೋರಿದ ಜಾಡಿನಲ್ಲಿ ಆಮೇಲೆ ಹತ್ತಾರು ಆಟಗಳು ಬಂದವು: 2020ರಲ್ಲಿ ‘ಮಾನ್ಸ್ಟರ್ ಟ್ರೇನ್’, 2021ರಲ್ಲಿ ಕತ್ತಲ ಕೋಣೆಯ ಕಥೆ ಹೇಳುವ ‘ಇನ್‌ಸ್ಕ್ರಿಪ್ಷನ್’. 2024ರ ಫೆಬ್ರವರಿಯಲ್ಲಿ ಕೆನಡಾದ ಒಬ್ಬನೇ ತಯಾರಕ, ಲೋಕಲ್‌ಥಂಕ್ ಎಂಬ ಗುಪ್ತನಾಮದಲ್ಲಿ, ಪೋಕರ್ ಎಲೆಗಳನ್ನೇ ಬಳಸಿ ‘ಬಲಾಟ್ರೊ’ ಹೊರತಂದ. ವರ್ಷ ತುಂಬುವುದರೊಳಗೆ ಅದರ 50 ಲಕ್ಷ ಪ್ರತಿಗಳು ಮಾರಾಟವಾದವು. ಪೋಕರ್ ಚಿತ್ರಗಳಿವೆಯೆಂದು ಯುರೋಪಿನ ವರ್ಗೀಕರಣ ಸಂಸ್ಥೆ ಅದಕ್ಕೆ 18 ವರ್ಷದ ಮಿತಿ ಹೇರಿ, ಮೇಲ್ಮನವಿಯ ನಂತರ 12ಕ್ಕೆ ಇಳಿಸಿತು. ಅದರಲ್ಲಿ ಪಣವೂ ಇಲ್ಲ, ಕೊಳ್ಳುವ ಪೊಟ್ಟಣವೂ ಇಲ್ಲ.

ಮನೆಯ ಮಕ್ಕಳು ಇಂಥ ಆಟ ಬೇಕೆಂದು ಹಟ ಹಿಡಿದಾಗ ಬೈಯುವ ಮುನ್ನ ದಯವಿಟ್ಟು ಒಂದು ವಿಷಯ ವಿಚಾರಿಸಿ: ಹೊಸ ಕಾರ್ಡು ಬರುವುದು ಆಡಿ ಗೆದ್ದದ್ದರಿಂದಲೋ, ಅಂಗಡಿಯಿಂದಲೋ. ಅಂಗಡಿಯಿಂದ ಎಂದಾದರೆ ಜೇಬು ಗಟ್ಟಿಯಾಗಿ ಹಿಡಿದುಕೊಳ್ಳಿ. ಆಡಿ ಗೆದ್ದದ್ದರಿಂದ ಎಂದಾದರೆ ಪಕ್ಕದಲ್ಲಿ ಕೂತು ಒಂದು ಕಾಳಗ ನೋಡಿ, ರಮ್ಮಿಯಲ್ಲಿ ಕೈ ಪಳಗಿದವರಿಗೆ ಅದು ಬೇಗ ಹಿಡಿಸುತ್ತದೆ. ‘ಸ್ಲೇ ದ ಸ್ಪೈರ್’ ಕಂಪ್ಯೂಟರಿಗೂ ಇದೆ, ಫೋನಿಗೂ ಇದೆ. ಒಮ್ಮೆ ಕೊಂಡರೆ ಒಳಗೆ ಮತ್ತೆ ಕೊಳ್ಳಬೇಕಾದದ್ದು ಏನೂ ಇಲ್ಲ.